ಕಳ್ಳೆಕಾಯಿ ರಾಶಿಯ ಮೇಲಿನ ನಾಯಕರು

ಶಿರಾ ಪಕ್ಕದ ಅತ್ತೆಯ ಊರಿಗೆ ಹೋಗಿದ್ದೆ. ಕಳ್ಳೆಕಾಯಿ ಬಿಡಿಸಿ ಕಣದಲ್ಲಿ ರಾಶಿ ಹಾಕಿದ್ದರು. ಸಂಜೆ ಮೋಡ ಕಟ್ಟಿತು. ಮಾವ ಅಟ್ಟದಿಂದ ಹಳೇ ಫ್ಲೆಕ್ಸ್ ಒಂದನ್ನು ಎಳೆದು ತಂದರು. ಹೋದ ಚುನಾವಣೆಯದು. "ಮುಖ ಮೇಲಕ್ಕೆ ಹಾಕೋ, ಬಣ್ಣ ಕಾಯಿಗೆ ಅಂಟುತ್ತೆ" ಅಂದರು. ಸೋತ ನಾಯಕರು ರಾಶಿಯ ಮೇಲೆ ಅಂಗಾತ ಮಲಗಿ, ಮೋಡಕ್ಕೆ ಕೈಮುಗಿದರು. ಹಾರಿಹೋಗದಂತೆ ನಾಲ್ಕು ಮೂಲೆಗೂ ಕಲ್ಲು.

ಬೆಳಿಗ್ಗೆ ನೋಡಿದರೆ ಅವರ ಮುಖದ ತುಂಬ ಹನಿ. ನನಗೆ ರನ್ನ ನೆನಪಾದ. ಗದಾಯುದ್ಧದ ದುರ್ಯೋಧನ ವೈಶಂಪಾಯನ ಸರೋವರದಲ್ಲಿ ಅಡಗಿದ್ದಾನೆ. ದಡದಲ್ಲಿ ಭೀಮನ ಅಬ್ಬರ. 'ನೀರೊಳಗಿರ್ದುಂ ಬೆಮರ್ತನುರಗಪತಾಕಂ.' ನೀರಿನಲ್ಲಿದ್ದೂ ಬೆವರಿದ, ಅದೂ ಕೋಪಕ್ಕೆ. ಮೇಷ್ಟ್ರು ಈ ಬೆವರನ್ನೇ ಒಂದು ಪೀರಿಯಡ್ ಪೂರ್ತಿ ಹೊಗಳಿದ್ದರು. ನನಗೀಗ ಕಣ್ಣಿಗೆ ಬೀಳುವುದು ಕೊನೆಯ ಪದ. ಉರಗಪತಾಕ, ಹಾವಿನ ಬಾವುಟದವನು. ಹನ್ನೊಂದು ಅಕ್ಷೋಹಿಣಿ ಸೇನೆ ಮುಗಿದಿದೆ, ಬಾವುಟ ಹಿಡಿಯಲು ಒಬ್ಬ ಆಳಿಲ್ಲ. ರನ್ನ ಬಿರುದನ್ನು ಮಾತ್ರ ಕಿತ್ತುಕೊಳ್ಳಲಿಲ್ಲ. ನಮ್ಮಲ್ಲಿ ಲೆಟರ್‌ಹೆಡ್ ಮೇಲೆ 'ಮಾಜಿ' ಅಂತ ಸಣ್ಣಕ್ಷರದಲ್ಲಿ, 'ಅಧ್ಯಕ್ಷರು' ಅಂತ ದಪ್ಪಕ್ಷರದಲ್ಲಿ ಹಾಕಿಸುತ್ತಾರಲ್ವಾ, ಹಾಗೆ.

ಪಂಪ ಇನ್ನೂ ತುಂಟ. ಆದಿಪುರಾಣದ ಭರತ ಲೋಕವನ್ನೇ ಗೆದ್ದು ವೃಷಭಾಚಲದ ಮೇಲೆ ಹೆಸರು ಬರೆಸಲು ಹೋಗುತ್ತಾನೆ. ಅಲ್ಲಿ ಜಾಗವೇ ಇಲ್ಲ! ಹಿಂದಿನ ಚಕ್ರವರ್ತಿಗಳ ಹೆಸರು ಬೆಟ್ಟದ ತುಂಬ. ಗರ್ವ ಇಳಿಯಿತು. ಹಾಗಂತ ಸುಮ್ನೆ ವಾಪಸ್ ಬಂದನೇ? ಯಾರದೋ ಒಂದು ಹೆಸರು ಅಳಿಸಿ ತನ್ನದನ್ನು ಬರೆಸಿದ. ಗರ್ವ ಇಳಿದದ್ದಕ್ಕಿಂತ ಈ ಅಳಿಸಿದ್ದೇ ನನಗೆ ಜಾಸ್ತಿ ಇಷ್ಟ.

ಶಿರಾ ಕೂಡ ಅಂಥದ್ದೇ ಬೆಟ್ಟ. 1687ರಿಂದ ಮೊಗಲರ ಸುಬಾದ, ಅಂದರೆ ಪ್ರಾಂತ್ಯದ, ಕೇಂದ್ರ. 1761ರಲ್ಲಿ ಹೈದರಾಲಿಗೆ 'ಶಿರಾ ನವಾಬ' ಅನ್ನಿಸಿಕೊಳ್ಳುವ ಆಸೆ ತೀರಿತು. ಈಗ ಶಿರಾಕ್ಕೆ ಹೋಗಿ ಬಂದವರನ್ನು ಮಾವ ಕೇಳುವುದು ಒಂದೇ, "ಕಾಯಿ ರೇಟ್ ಎಷ್ಟಾಗಿದೆ?"

ಬಿಸಿಲು ಏರಿತು. ಮಾವ ನಾಯಕರನ್ನು ಕೊಡವಿ, ನಾಲ್ಕು ಮಡಿಕೆ ಮಾಡಿ ಅಟ್ಟಕ್ಕೆ ಹಾಕಿದರು. "ಒಂದು ಕಡೆ ಹರಿದಿದೆ" ಅಂದರು. ಆಮೇಲೆ ಬಸ್ ಸ್ಟಾಪಿನ ಕಡೆ ನೋಡಿದರು. ಅಲ್ಲಿ ಗೆದ್ದವರ ಫ್ಲೆಕ್ಸ್ ಗಾಳಿಗೆ ಪಟಪಟ ಅನ್ನುತ್ತಿತ್ತು.

"ಅದು ಒಳ್ಳೇ ದಪ್ಪ ಇದೆ ಕಣೋ."