ಗ್ರೇನ್ ಸಣ್ಣದಾದ್ರೆ ಫೋಟೊ ಶಾರ್ಪ್ ಆಗೋದಿಲ್ಲ

ಕಪ್ಪು-ಬಿಳುಪು ಫಿಲ್ಮ್ ತೊಳೆಯಲು ಶುರು ಮಾಡಿದವರೆಲ್ಲ ಕೇಳುವುದು ಒಂದೇ: ಗ್ರೇನ್ (ಚಿತ್ರದಲ್ಲಿ ಕಾಣುವ ಬೆಳ್ಳಿಯ ಕಣಗಳು) ಕಾಣಬಾರದು, ಫೋಟೊ ಶಾರ್ಪ್ ಆಗಿರಬೇಕು, ಯಾವ ಡೆವಲಪರ್ (ಫಿಲ್ಮಿನಲ್ಲಿ ಚಿತ್ರ ಮೂಡಿಸುವ ರಾಸಾಯನಿಕ) ತಗೊಳ್ಳಲಿ? ಎರಡೂ ಪೂರ್ತಿಯಾಗಿ ಒಟ್ಟಿಗೆ ಸಿಗುವುದಿಲ್ಲ. ಯಾವುದನ್ನು ಎಷ್ಟು ಬಿಟ್ಟುಕೊಡುತ್ತೀರಿ ಅಂತ ಮೊದಲು ತೀರ್ಮಾನಿಸಿ.

ಕೊಡಾಕ್‌ನ ಡಿ-76 ಡೆವಲಪರ್ ನೋಡಿ. ಅದರ ಒಂದು ಲೀಟರಿನಲ್ಲಿ 100 ಗ್ರಾಂ ಸೋಡಿಯಂ ಸಲ್ಫೈಟ್ ಇರುತ್ತದೆ. ಇಷ್ಟೊಂದು ಸಲ್ಫೈಟ್ ಫಿಲ್ಮಿನಲ್ಲಿ ಬೆಳಕಿಗೆ ಸ್ಪಂದಿಸುವ ಸಿಲ್ವರ್ ಹಾಲೈಡ್ ಕಣಗಳ ಅಂಚನ್ನು ಸ್ವಲ್ಪ ಕರಗಿಸುತ್ತದೆ, ಗ್ರೇನ್ ನುಣುಪಾಗಿ ಕಾಣುತ್ತದೆ. ಆದರೆ ಕಣದ ಅಂಚು ಮೆತ್ತಗಾದರೆ ಚಿತ್ರದ ಅಂಚೂ ಮೆತ್ತಗಾಗುತ್ತದೆ ಅಲ್ವಾ? ಅದಕ್ಕೇ ನಾನು ಯಾವಾಗಲೂ ಸಮಪಾಲು ನೀರು ಬೆರೆಸಿ ಬಳಸುತ್ತೇನೆ. ಸಲ್ಫೈಟ್ ಅರ್ಧಕ್ಕಿಳಿಯುತ್ತದೆ, ಗ್ರೇನ್ ಚೂರು ಜಾಸ್ತಿಯಾಗುತ್ತದೆ, ಗೆರೆಗಳು ಚುರುಕಾಗುತ್ತವೆ.

ರೋಡಿನಾಲ್ ಅನ್ನುವ ಡೆವಲಪರ್ ಇದಕ್ಕೆ ಪೂರ್ತಿ ವಿರುದ್ಧ. 1891ರಿಂದ ಇದೆ. 1+50ಕ್ಕೆ (ಒಂದು ಪಾಲಿಗೆ 50 ಪಾಲು ನೀರು) ತೆಳು ಮಾಡಿದರೆ ಗ್ರೇನನ್ನು ಒಂದಿಷ್ಟೂ ಮುಚ್ಚಿಡುವುದಿಲ್ಲ. ಇಷ್ಟು ತೆಳು ಡೆವಲಪರಿನಲ್ಲಿ ಫಿಲ್ಮ್ ತೊಳೆಯುವ ಟ್ಯಾಂಕನ್ನು ಕಡಿಮೆ ಅಲುಗಾಡಿಸಿದರೆ ಇನ್ನೊಂದು ಕೆಲಸ ನಡೆಯುತ್ತದೆ. ನೆಗೆಟಿವಿನ ಕಪ್ಪು ಭಾಗದಲ್ಲಿ ಡೆವಲಪರ್ ಬೇಗ ಸೋಲುತ್ತದೆ, ಪಕ್ಕದ ತಿಳಿ ಭಾಗದಲ್ಲಿ ಇನ್ನೂ ಶಕ್ತಿ ಉಳಿದಿರುತ್ತದೆ. ಗಡಿಯಲ್ಲಿ ಎರಡೂ ಬೆರೆತು, ಕಪ್ಪಿನ ಅಂಚು ಇನ್ನಷ್ಟು ಕಪ್ಪಾಗುತ್ತದೆ, ತಿಳಿಯ ಅಂಚು ಇನ್ನಷ್ಟು ತಿಳಿಯಾಗುತ್ತದೆ. ನಮ್ಮ ಕಣ್ಣು ಶಾರ್ಪ್ ಅನ್ನುವುದು ಬಹುಪಾಲು ಇದನ್ನೇ. ಅಲ್ಲಿ ಹೊಸ ವಿವರವೇನೂ ಹುಟ್ಟಿರುವುದಿಲ್ಲ.

ಹಾಗಂತ ಎಲ್ಲದಕ್ಕೂ ರೋಡಿನಾಲ್ ಸುರಿಯಬೇಡಿ. ಪ್ಯಾನ್ ಎಫ್ ಪ್ಲಸ್‌ನಂಥ 50 ಐಎಸ್‌ಒ ಫಿಲ್ಮಿನಲ್ಲಿ ಗ್ರೇನ್ ಮೊದಲೇ ಸಣ್ಣದು, ಅಲ್ಲಿ ಅದು ತುಂಬಾ ಚೆನ್ನಾಗಿ ಬರುತ್ತದೆ. 35 ಎಂಎಂನ 400 ಐಎಸ್‌ಒ ಫಿಲ್ಮ್ ಟ್ರೈ-ಎಕ್ಸ್‌ಗೆ ಹಾಕಿ ದೊಡ್ಡ ಪ್ರಿಂಟ್ ಮಾಡಿದರೆ ಆಕಾಶದ ತುಂಬ ಮರಳು ಚೆಲ್ಲಿದ ಹಾಗಿರುತ್ತದೆ. ಅದೇ ಟ್ರೈ-ಎಕ್ಸ್ 120 ರೋಲ್ ಆದರೆ ನೆಗೆಟಿವ್ ದೊಡ್ಡದು, ಅಷ್ಟು ಹಿಗ್ಗಿಸಬೇಕಾಗಿಲ್ಲ, ನಡೆಯುತ್ತದೆ. 35 ಎಂಎಂನ 400 ಫಿಲ್ಮಿಗೆ ನನ್ನ ಆಯ್ಕೆ ಕೊಡಾಕ್‌ನ ಇನ್ನೊಂದು ಡೆವಲಪರ್ ಎಕ್ಸ್‌ಟಾಲ್ ಅಥವಾ ನೀರು ಬೆರೆಸಿದ ಡಿ-76.

ಗ್ರೇನ್ ಇಳಿಸುವ ಪರ್ಸೆಪ್ಟಾಲ್ ತರಹದ ಡೆವಲಪರನ್ನು ನೀರು ಬೆರೆಸದೆ ಬಳಸುವುದು ನನಗೆ ಇಷ್ಟವಿಲ್ಲ. ಗ್ರೇನ್ ನಿಜಕ್ಕೂ ಇಳಿಯುತ್ತದೆ, ಆದರೆ ಫಿಲ್ಮಿನ ಸ್ಪೀಡೂ (ಬೆಳಕಿಗೆ ಸ್ಪಂದಿಸುವ ಶಕ್ತಿ) ಇಳಿಯುತ್ತದೆ, ಮುಖಗಳು ಮೇಣದ ಹಾಗೆ ಕಾಣುತ್ತವೆ. ಗ್ರೇನ್ ಅಂದರೆ ಯಾಕಿಷ್ಟು ಭಯ? ಕಣ ಸ್ಪಷ್ಟವಾಗಿ ಕಂಡಾಗ ಫೋಟೊ ಇನ್ನೂ ಶಾರ್ಪ್ ಅನ್ನಿಸುತ್ತದೆ.

ಒಂದು ಮಾತು, ಸ್ಕ್ಯಾನ್ ನೋಡಿ ಡೆವಲಪರಿಗೆ ಮಾರ್ಕ್ಸ್ ಕೊಡಬೇಡಿ. ಸ್ಕ್ಯಾನರಿನ ಶಾರ್ಪನಿಂಗ್ ಗ್ರೇನನ್ನು ಸುಮ್ನೆ ದೊಡ್ಡದು ಮಾಡಿ ತೋರಿಸುತ್ತದೆ. ನೆಗೆಟಿವನ್ನು ಲೈಟ್ ಟೇಬಲ್ ಮೇಲಿಟ್ಟು ಒಳ್ಳೆಯ ಲೂಪಿನಲ್ಲಿ (ಭೂತಗನ್ನಡಿಯಲ್ಲಿ) ನೋಡಿ.