ಭಾವನ ಜೀಪಿಗೆ ಒಂದಿಂಚು ಬಡ್ತಿ

ಪೆರ್ಲದ ಕಡೆ ಜೀಪಿನ ವಿಷಯದಲ್ಲಿ ಅಭಿಪ್ರಾಯ ಇಲ್ಲದ ಗಂಡಸರಿಲ್ಲ. ನಮ್ಮ ಭಾವನಿಗಂತೂ ಎರಡೆರಡು ಉಂಟು, ಒಂದಕ್ಕೊಂದು ಆಗಿಬರುವುದಿಲ್ಲ. ಹಾಗಾಗಿ ಮಳೆಗಾಲಕ್ಕೆ ಮುಂಚೆ 29 ಇಂಚು ಎತ್ತರದ ಟಯರು ಬಿಚ್ಚಿಸಿ 31 ಇಂಚಿನದ್ದು ಹಾಕಿಸಿಕೊಂಡು ಬಂದಾಗ ಯಾರೂ ಕಾರಣ ಕೇಳಲಿಲ್ಲ.

ಅವನೇ ಹೇಳಿದ. ತೋಟಕ್ಕಿಳಿಯುವ ದಾರಿಯ ನಡುವೆ ಒಂದು ಮುರಕಲ್ಲು ಎದ್ದು ನಿಂತಿದೆ. ಜೀಪಿನ ಡಿಫ್ರೆನ್ಸು, ಅಂದರೆ ಆಕ್ಸಲಿನ ನಡುವೆ ಜೋತುಬಿದ್ದ ಗೇರಿನ ಗುಂಡು, ದಿನಾ ಅದಕ್ಕೆ ಅಡ್ಡಬಿದ್ದೇ ಮುಂದೆ ಹೋಗುವುದು. ಸ್ಪ್ರಿಂಗ್ ಪಟ್ಟಿ ಏರಿಸಿದರೆ ಏರುವುದು ಬಾಡಿ ಮಾತ್ರ, ಡಿಫ್ರೆನ್ಸನ್ನು ನೆಲದಿಂದ ಎತ್ತಲಿಕ್ಕೆ ಟಯರೇ ಬೇಕು. ಮಾತು ಸರಿಯೇ. ಆದರೆ ಹೆಚ್ಚಾದ ಎರಡಿಂಚಿನಲ್ಲಿ ಒಂದು ಆಕ್ಸಲಿನ ಮೇಲಕ್ಕೆ ಹೋಯಿತು, ಒಂದು ಕೆಳಕ್ಕೆ. ದುಡ್ಡು ಎರಡಿಂಚಿಗೆ, ಜೀಪು ಏರಿದ್ದು ಒಂದೇ ಇಂಚು.

ಆ ಒಂದಿಂಚು ಕಲ್ಲಿಗಿಂತ ಮೊದಲು ಗೊತ್ತಾದದ್ದು ಅತ್ತೆಯ ಮೊಣಗಂಟಿಗೆ. ಮಧೂರು ಗಣಪತಿ ದೇವಸ್ಥಾನಕ್ಕೆ ಅಪ್ಪಸೇವೆಗೆ ಹೊರಟಿದ್ದೆವು. ಅತ್ತೆ ಕಾಲೆತ್ತಿದರು, ಇಳಿಸಿದರು, ಮತ್ತೆ ಎತ್ತಿದರು. ಕೊನೆಗೆ ಅಡಿಗೆಮನೆಯಿಂದ ಮಣೆ ಬಂತು. ಅಂಗಳದಲ್ಲಿ ತಿರುಗಿಸುವಾಗ ಟಯರು ಮಡ್‌ಗಾರ್ಡಿಗೆ ಉಜ್ಜಿ 'ಕರ್ರ್' ಅಂದದ್ದೇ ನಾಯಿ ಹಟ್ಟಿ ಸೇರಿತು. ಸೆಕೆಂಡ್ ಗೇರಿನಲ್ಲಿ ಹಾಡುತ್ತಾ ಹತ್ತುತ್ತಿದ್ದ ಚಡವಿನಲ್ಲಿ ಈಗ ಫಸ್ಟ್ ಗೇರಿಗೂ ಏದುಸಿರು. ಚಕ್ರ ದೊಡ್ಡದಾದರೆ ಒಂದು ಸುತ್ತಿಗೆ ಹೆಚ್ಚು ದೂರ ಹೋಗಬೇಕು, ಎಳೆಯುವ ಎಂಜಿನ್ ಮಾತ್ರ ಅದೇ ಮುದಿಯದ್ದು. ಇಳಿಜಾರಿನಲ್ಲಿ ಬ್ರೇಕಿಗೂ ಅದೇ ಪಾಡು, ತಿರುವು ಕಾಣುವ ಮೊದಲೇ ಒತ್ತಲು ಶುರು ಮಾಡಬೇಕು.

ಮೀಟರಿನದ್ದು ಬೇರೆಯೇ ಕಥೆ. ಅದರ ಲೆಕ್ಕ ಇನ್ನೂ ಹಳೆಯ ಟಯರಿನ ಸುತ್ತಿನದ್ದೇ; 60 ತೋರಿಸುವಾಗ ಜೀಪು ಓಡುವುದು 64ರಲ್ಲಿ. 107 ಕಿಲೋಮೀಟರ್ ಓಡಿದರೆ 100 ಅಂತ ಬರೆದುಕೊಳ್ಳುತ್ತದೆ. ಮೈಲೇಜು ನಿಜವಾಗಿ ಬಿದ್ದದ್ದೆಷ್ಟು, ಮೀಟರು ನುಂಗಿದ್ದೆಷ್ಟು ಎಂದು ಭಾವ ಡೀಸೆಲ್ ಚೀಟಿ ಹರಡಿಕೊಂಡು ಕೂತರೆ ಅಕ್ಕ ಆ ಕೋಣೆಗೇ ಹೋಗುವುದಿಲ್ಲ.

ಮುರಕಲ್ಲನ್ನು ಜೀಪು ದಾಟಿತು, ಅದನ್ನು ಒಪ್ಪಬೇಕು. ಹೂತದ್ದು ಅದರಾಚೆಯ ಕೆಸರಿನಲ್ಲಿ. ನಮ್ಮ ಕಡೆ ಕೆಸರಿನಡಿ ಗಟ್ಟಿ ನೆಲ ಇರುವಲ್ಲಿ ಸಪೂರ ಟಯರು ಸೀಳಿಕೊಂಡು ಹೋಗಿ ನೆಲ ಹಿಡಿಯುತ್ತದೆ; ಭಾವನ ಅಗಲದ ಟಯರು ಮೇಲೆಯೇ ಜಾರಾಡುತ್ತಿತ್ತು. ಅಡಿಕೆ ಹೊರುವ ಪಿಕಪ್ಪಿನ ಡ್ರೈವರ್ ಬಂದು, "ಗಾಳಿ ಬಿಡಿ ಮಾರಾಯ್ರೆ" ಅಂದ. 30 ಪೌಂಡ್ ಇದ್ದ ಗಾಳಿಯನ್ನು 18ಕ್ಕೆ ಇಳಿಸಿದ್ದೇ ಟಯರು ಚಪ್ಪಟೆಯಾಗಿ ಉದ್ದಕ್ಕೆ ನೆಲ ಕಚ್ಚಿತು, ಜೀಪು ಮೇಲೆ ಬಂತು. ಗಾಳಿ ಬಿಡಲಿಕ್ಕೆ ಹಳೆಯ ಟಯರಿನಲ್ಲೂ ಆಗುತ್ತಿತ್ತು, ಅದಕ್ಕೆ ಖರ್ಚೂ ಇಲ್ಲ. ಭಾವನ ಎದುರು ಇದನ್ನು ನಾನು ಹೇಳಿಲ್ಲ.

ಮೊನ್ನೆ ಬದಿಯಡ್ಕದಿಂದ ಬರುವಾಗ ಮುಂದಿನ ಎಡಗಡೆ ಪಂಕ್ಚರ್. ಸ್ಟೆಪ್ನಿ ಹಳೆಯ 29ರದ್ದೇ. ಒಂದು ಚಕ್ರ ಸಣ್ಣದಾದರೆ ಫೋರ್‌ವೀಲ್ ಹಾಕುವ ಹಾಗಿಲ್ಲ, ಗೇರ್‌ಬಾಕ್ಸಿಗೆ ಕುತ್ತು. ಕುಂಟುತ್ತಾ, ಎಡಕ್ಕೆ ವಾಲುತ್ತಾ ಮನೆ ಸೇರಿದೆವು. ಅತ್ತೆ ಅಂಗಳಕ್ಕೆ ಬಂದು ಜೀಪನ್ನೊಮ್ಮೆ ನೋಡಿದರು, ಎಡಗಡೆಯಿಂದ ಮಣೆಯಿಲ್ಲದೆ ಹತ್ತಿ ಕೂತರು.

"ಈಗ ಸರಿಯಾಯಿತು ಮಾಣಿ. ಬಾಕಿ ಮೂರನ್ನೂ ಹೀಗೇ ಮಾಡಿಸು."