ಒರಟು ಕಂಠದ ಬ್ಲೂಸ್‌ಗೆ ರೆಕಾರ್ಡಿಂಗ್ ಶುದ್ಧವಿರಲೇಬೇಕೇ?

ಪರ: ಇರಲೇಬೇಕು

ಅಮೆರಿಕದ ಆಫ್ರಿಕನ್ ಮೂಲದವರ ಹಾಡಿನ ಪರಂಪರೆ ಬ್ಲೂಸ್. ಅದರ ಹಾಡುಗಾರನ ಗಂಟಲಲ್ಲಿ ಜಲ್ಲಿ ಉರುಳಿದಂತೆ ಕೇಳುತ್ತದಲ್ಲ, ಅದಕ್ಕೆ ದೇಹದಲ್ಲೇ ಕಾರಣವಿದೆ. ಧ್ವನಿತಂತುಗಳ ಸ್ವಲ್ಪ ಮೇಲೆ ಇನ್ನೊಂದು ಜೊತೆ ಮಡಿಕೆಗಳಿವೆ. ಒತ್ತಿ ಹಾಡಿದಾಗ ಅವೂ ಅದುರುತ್ತವೆ. ಸ್ವರದ ಅಡಿಯಲ್ಲಿ ಒಂದು ಗುಡುಗು ಸೇರಿಕೊಳ್ಳುತ್ತದೆ, ಮೇಲೆ ಹಲವು ಸಾವಿರ ಹರ್ಟ್ಸ್‌ವರೆಗೆ ಕರಕರ ಚದುರುತ್ತದೆ. ಈ ಕರಕರ ತೀರಾ ಸಣ್ಣದು. ರೆಕಾರ್ಡಿಂಗ್ ಕೆಟ್ಟದ್ದಾದರೆ ಮೊದಲು ಸಾಯುವುದು ಅದೇ. ಉಳಿಯುವುದು ಬರೀ ಕಿರುಚಾಟ.

ಇಂಥ ಕಂಠದ ಹುಡುಕಾಟವನ್ನು ಮಡ್ಡಿ ವಾಟರ್ಸ್ ಅವರ 1964ರ 'ಫೋಕ್ ಸಿಂಗರ್' ಆಲ್ಬಮ್‌ನಿಂದ ಶುರು ಮಾಡಿ. ಬಡ್ಡಿ ಗೈ ಗಿಟಾರ್, ವಿಲ್ಲಿ ಡಿಕ್ಸನ್ ಬಾಸ್, ಕ್ಲಿಫ್ಟನ್ ಜೇಮ್ಸ್ ಡ್ರಮ್ಸ್, ಅಷ್ಟೇ. ವಾದ್ಯ ಕಡಿಮೆಯಿರುವುದರಿಂದ ಕಂಠದ ಸುತ್ತ ಜಾಗವಿದೆ, ಉಸಿರು ಎಳೆದುಕೊಳ್ಳುವುದೂ ಕೇಳುತ್ತದೆ. ಇನ್ನೂ ಒರಟು ಬೇಕೆಂದರೆ ಸನ್ ಹೌಸ್ ಅವರ 1965ರ ಕೊಲಂಬಿಯಾ ಆಲ್ಬಮ್. ಅದರಲ್ಲಿ ಗಿಟಾರೇ ಇಲ್ಲದೆ, ಚಪ್ಪಾಳೆ ತಟ್ಟಿಕೊಂಡು ಹಾಡಿದ 'ಗ್ರಿನಿನ್ ಇನ್ ಯುವರ್ ಫೇಸ್' ಇದೆ. ಸ್ಪೀಕರ್ ಕೊಳ್ಳುವಾಗ ಪರೀಕ್ಷೆಗೆ ಇದಕ್ಕಿಂತ ಒಳ್ಳೆಯ ಹಾಡು ಬೇಡ.

ಆಲ್ಬಮ್ ಗೊತ್ತಾದರೆ ಸಾಲದು, ಯಾವ ಮಾಸ್ಟರಿಂಗ್ (ಬಿಡುಗಡೆಗೆ ಮುಂಚೆ ಧ್ವನಿಗೆ ಕೊಡುವ ಕೊನೆಯ ಹದ) ಎಂಬುದೂ ಮುಖ್ಯ. ಒಂದೇ ಹಾಡಿನ ಎರಡು ಆವೃತ್ತಿಗಳನ್ನು ಹೋಲಿಸುವ ಮುಂಚೆ ಎರಡರ ವಾಲ್ಯೂಮ್ ಸಮ ಮಾಡಿ. ಇಲ್ಲವಾದರೆ ಜೋರಾಗಿರುವುದೇ ಚೆನ್ನಾಗಿದೆ ಎಂದು ಕಿವಿ ಮೋಸಹೋಗುತ್ತದೆ. ಆಮೇಲೆ ಫೈಲನ್ನು ಆಡಾಸಿಟಿ ಎಂಬ ಧ್ವನಿ ಸಂಪಾದನೆಯ ಸಾಫ್ಟ್‌ವೇರಿನಲ್ಲಿ ತೆರೆದು ನೋಡಿ. ಅಲೆಗಳ ತಲೆಯೆಲ್ಲ ಕತ್ತರಿ ಹಾಕಿದ ಬೇಲಿಯಂತೆ ಸಪಾಟಾಗಿದ್ದರೆ ಅದನ್ನು ಬಿಡಿ. ಪಿಸುಮಾತಿಗೂ ಅಬ್ಬರಕ್ಕೂ ಇದ್ದ ಅಂತರವನ್ನು ಯಾರೋ ತಿಂದುಹಾಕಿದ್ದಾರೆ. ಯಾವ ಆವರ್ತನದಲ್ಲಿ ಎಷ್ಟು ಸದ್ದಿದೆ ಎಂದು ತೋರಿಸುವ ಚಿತ್ರವಾದ ಸ್ಪೆಕ್ಟ್ರೋಗ್ರಾಮ್‌ನಲ್ಲಿ 16 ಕಿಲೋಹರ್ಟ್ಸ್‌ಗೆ ಗೋಡೆ ಕಟ್ಟಿದಂತೆ ಎಲ್ಲವೂ ನಿಂತಿದ್ದರೆ ಅದು 128 ಕೆಬಿಪಿಎಸ್ ಎಂಪಿ3ಯಿಂದ ಬಂದಿರುವ ಸಂಭವ ಹೆಚ್ಚು, ಹೆಸರಿನ ಕೊನೆಯಲ್ಲಿ ಫ್ಲ್ಯಾಕ್ (ಗುಣಮಟ್ಟ ಕಳೆಯದ ಫೈಲ್ ಬಗೆ) ಎಂದಿದ್ದರೂ ಸರಿ.

ಕೊಡಗಿನಲ್ಲಿ ಇದೆಲ್ಲ ಇನ್ನೂ ಹೆಚ್ಚು ಬೇಕು. ಕಕ್ಕಡದ, ಅಂದರೆ ಜುಲೈ-ಆಗಸ್ಟ್ ನಡುವಿನ ಕೊಡವ ತಿಂಗಳ ಮಳೆ ಶೀಟಿನ ಮಾಡಿನ ಮೇಲೆ ಬೀಳುವಾಗ ಅದರ ಸದ್ದು ಕಂಠದ ಕರಕರ ಇರುವ ಜಾಗವನ್ನೇ ಮುಚ್ಚುತ್ತದೆ. ಮೂಲದಲ್ಲೇ ಮಸುಕಾದದ್ದು ಆಗ ಪೂರ್ತಿ ಮಾಯ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಕಿವಿ ಪೂರ್ತಿ ಮುಚ್ಚುವ ಹೆಡ್‌ಫೋನೇ ಗತಿ. ಎಲ್‌ಪಿ ಇಟ್ಟವರು ಅವನ್ನು ನೆಟ್ಟಗೆ ನಿಲ್ಲಿಸಿ, ಹೊರಗೋಡೆಗೆ ತಾಗದ ಬೀರುವಿನಲ್ಲಿಡಿ. ಬೂಷ್ಟು ಮೊದಲು ಹಿಡಿಯುವುದು ಕಾಗದದ ಒಳಕವರಿಗೆ.

ವಿರೋಧ: ಕಂಠ ಮೊದಲು, ಶುದ್ಧಿ ಆಮೇಲೆ

ಆ ಲೆಕ್ಕ ಹಿಡಿದರೆ ಬ್ಲೈಂಡ್ ವಿಲ್ಲಿ ಜಾನ್ಸನ್ ಪಟ್ಟಿಯಿಂದಲೇ ಹೊರಗೆ. 1927ರಿಂದ 1930ರ ನಡುವೆ ಅವರು ಮುದ್ರಿಸಿದ್ದು 30 ಹಾಡು. ಹಾಡಿದ್ದು ದೇವರ ಪದಗಳನ್ನು, ನುಡಿಸಿದ್ದು ಬ್ಲೂಸ್ ಗಿಟಾರನ್ನು. ಆ ಗಂಟಲಿಗೆ ಸಾಟಿಯಾದದ್ದು ಆಮೇಲಿನ ಯಾವ ಸ್ಟುಡಿಯೋದಲ್ಲೂ ಹುಟ್ಟಲಿಲ್ಲ. 1977ರಲ್ಲಿ ವಾಯೇಜರ್ ನೌಕೆಗಳ ಜೊತೆ ಬಾಹ್ಯಾಕಾಶಕ್ಕೆ ಹೋದದ್ದೂ ಅವರ ದನಿಯೇ, 78 ಆರ್‌ಪಿಎಂ (ನಿಮಿಷಕ್ಕೆ 78 ಸುತ್ತು) ತಟ್ಟೆಯ ಸರಸರದೊಂದಿಗೆ. ಅದೇ ಕಾಲದ ಬ್ಲೂಸ್ ಹಾಡುಗಾರ ಚಾರ್ಲಿ ಪ್ಯಾಟನ್ ಸ್ಥಿತಿ ಇನ್ನೂ ಕಷ್ಟ. ಪ್ಯಾರಾಮೌಂಟ್ ಕಂಪನಿಯ ತಟ್ಟೆಗಳ ಗುಣಮಟ್ಟ ಕಳಪೆ, ಮೂಲ ಲೋಹದ ಅಚ್ಚುಗಳು ಬಹುಮಟ್ಟಿಗೆ ನಾಶವಾದವು. ಯಾರದೋ ಮನೆಯಲ್ಲಿ ಸವೆದು ಉಳಿದ ತಟ್ಟೆಗಳೇ ಇಂದಿಗೆ ಆಧಾರ. ಇವರನ್ನು ಬಿಟ್ಟು ಒರಟು ಕಂಠ ಹುಡುಕುವುದು ಬೇರು ಬಿಟ್ಟು ಕೊಂಬೆಗೆ ನೀರು ಹಾಕಿದ ಹಾಗೆ.

ಮಳೆಯ ಮಾತು ಬಂತು. ಧೋ ಎಂದು ಸುರಿಯುವಾಗಲೂ ತೋಟದಾಚೆಯಿಂದ ಕೂಗಿದವರು ಯಾರೆಂದು ಇಲ್ಲಿಯವರಿಗೆ ತಿಳಿಯುತ್ತದೆ. ಒಂದೇ ಸಮನೆ ಇರುವ ಸದ್ದನ್ನು ಕಿವಿ ಬೇಗ ಬದಿಗಿಡುತ್ತದೆ, ಏರಿಳಿಯುವ ದನಿಯನ್ನು ಹಿಡಿದುಕೊಳ್ಳುತ್ತದೆ. ಹಳೆಯ ತಟ್ಟೆಯ ಸರಸರವೂ ಅಂಥದ್ದೇ. ಎರಡು ಹಾಡು ಕಳೆಯುವಷ್ಟರಲ್ಲಿ ಹಿಂದೆ ಸರಿಯುತ್ತದೆ. ಕೊಡವರ ಪುಟ್ಟ ಚರ್ಮವಾದ್ಯ ದುಡಿ ಬಡಿಯುತ್ತ ಹಿರಿಯರು ಹಾಡುವುದನ್ನು ಅಂಗಳದ ಗದ್ದಲದ ನಡುವೆ ಕೇಳಿ ಬೆಳೆದ ಕಿವಿಗೆ ಇದೇನೂ ಹೊಸದಲ್ಲ.

ಶುದ್ಧಿಯ ಹಟದಿಂದ ಆಗುವ ದೊಡ್ಡ ಹಾನಿ ಬೇರೆಯೇ ಇದೆ. ಸರಸರವೂ ಗಂಟಲ ಕರಕರವೂ ಕೂರುವುದು ಹೆಚ್ಚುಕಡಿಮೆ ಒಂದೇ ಆವರ್ತನದಲ್ಲಿ. ಸಾಫ್ಟ್‌ವೇರ್ ಮೊದಲನೆಯದನ್ನು ಅಳಿಸಹೊರಟರೆ ಎರಡನೆಯದೂ ಹೋಗುತ್ತದೆ, ಹಾಡುಗಾರ ನೀರೊಳಗಿಂದ ಹಾಡಿದಂತಾಗುತ್ತದೆ. ಚಟ್‌ಚಟ್ ತೆಗೆಯುವುದು ಬೇರೆ ಮಾತು. ಅದು ಕೆಲವೇ ಮಿಲಿಸೆಕೆಂಡ್‌ಗಳ ಕೆಲಸ, ಕಂಠಕ್ಕೆ ತಾಗುವುದಿಲ್ಲ. ಆದ್ದರಿಂದ ತಟ್ಟೆಯಿಂದ ಡಿಜಿಟಲ್‌ಗೆ ತಂದಾಗ ಸರಸರ ಉಳಿಸಿಕೊಂಡ ಪ್ರತಿಯನ್ನೇ ಆರಿಸಿ. 16 ಕಿಲೋಹರ್ಟ್ಸ್ ಪರೀಕ್ಷೆ ಇವಕ್ಕೆ ಅನ್ವಯಿಸುವುದೇ ಇಲ್ಲ. ಆ ಕಾಲದ ರೆಕಾರ್ಡಿಂಗ್ ಯಂತ್ರ ಹಿಡಿದದ್ದು ಸುಮಾರು 5 ಕಿಲೋಹರ್ಟ್ಸ್‌ವರೆಗೆ, ಅದರ ಮೇಲಿರುವುದು ಬಹುಮಟ್ಟಿಗೆ ತಟ್ಟೆಯ ಸದ್ದು. ತೀರಾ ಕಿರಿಕಿರಿಯಾದರೆ ಈಕ್ವಲೈಸರ್‌ನಲ್ಲಿ 7 ಕಿಲೋಹರ್ಟ್ಸ್‌ನಿಂದ ಮೇಲೆ ನಿಧಾನವಾಗಿ ಇಳಿಸಿ, ಮೋನೋಗೆ ಹಾಕಿ. ಮೋನೋದಲ್ಲಿ ಗೀರಿನ ಮೇಲೆ-ಕೆಳಗಿನ ಅಲುಗಾಟದ ಸದ್ದು ಪರಸ್ಪರ ಕಳೆದುಹೋಗುತ್ತದೆ.

ಮನೆಯ ಅಟ್ಟದಲ್ಲಿ 78ರ ತಟ್ಟೆ ಸಿಕ್ಕರೆ ಎಲ್‌ಪಿ ಮುಳ್ಳಿನಲ್ಲಿ ಬಾರಿಸಬೇಡಿ. ಆ ಮುಳ್ಳು ಸಣ್ಣದು, ಗೀರಿನ ತಳಕ್ಕಿಳಿದು ಧೂಳನ್ನೇ ಉಳುತ್ತದೆ. ತುದಿಯ ತ್ರಿಜ್ಯ ಸುಮಾರು 3 ಮಿಲ್ (ಇಂಚಿನ ಸಾವಿರ ಪಾಲಿನಲ್ಲಿ ಮೂರು) ಇರುವ ಮುಳ್ಳು ಬೇಕು. ಬೂಷ್ಟು ಒರೆಸಲು ಸ್ಪಿರಿಟ್ ಮುಟ್ಟಿಸಲೇಬಾರದು, ಆ ತಟ್ಟೆಯಲ್ಲಿರುವುದು ಅರಗು, ಕರಗಿಹೋಗುತ್ತದೆ. ಡಿಸ್ಟಿಲ್ಡ್ ನೀರಿನಲ್ಲಿ ಒಂದೆರಡು ತೊಟ್ಟು ಸೋಪು, ಮೆತ್ತನೆಯ ಬಟ್ಟೆ, ಕೂಡಲೇ ಒರೆಸಿ ಒಣಗಿಸುವುದು, ಇಷ್ಟೇ ಸಾಕು.